ಹದಿನೆಂಟು ತುಂಬಿದ ಹೊಸ ಕೂಲಿಕಾರರು ಮತ್ತು ಕಾಯಕ ಬಂಧುಗಳ ಹೊಣೆ

(ನರೇಗಾ ಕಾಯಕ ಬಂಧುಗಳು ಹಾಗೂ ಗ್ರಾಮ ಕಾಯಕ ಮಿತ್ರರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಬೇಸಿಗೆ ಬಂದೊಡನೆ ನಮ್ಮ ಕೆರೆಯಂಗಳಗಳಲ್ಲಿ, ಹೊಲದ ಬದುಗಳಲ್ಲಿ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ದ್ವಿತೀಯ ಪಿಯುಸಿ ಮುಗಿಸಿದವರು, ಒಂದೆರಡು ವಿಷಯಗಳಲ್ಲಿ ಅನುತ್ತೀರ್ಣರಾದವರು, ಕಾಲೇಜು ಶುಲ್ಕಕ್ಕೆ ಹಣ ಹೊಂದಿಸಬೇಕಾದವರು ತಾಯಿಯ ಹಿಂದೆ ಸಲಿಕೆ, ಬುಟ್ಟಿ ಹಿಡಿದು ಬರುತ್ತಾರೆ. ಇವರಿಗೆ ಶ್ರದ್ಧೆಯಿಲ್ಲ, ಕೈಯಲ್ಲಿ ಸದಾ ಮೊಬೈಲ್ ಎಂಬ ದೂರು ತಮ್ಮಲ್ಲಿ ಅನೇಕರದು. ನಾನೂ ಹಾಗೆಯೇ ಭಾವಿಸಿದ್ದೆ. ಅದರಿಂದ ಒಬ್ಬ ಹುಡುಗನಿಗೆ ಆದ ನಷ್ಟವನ್ನು ಮೊದಲು ಹೇಳುತ್ತೇನೆ.

ವೈಯಕ್ತಿಕ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲ ಕಾಮಗಾರಿಗಳಿಗೂ ಎನ್‌ಎಂಎಂಎಸ್ ಆ್ಯಪ್ ಮೂಲಕ ಹಾಜರಾತಿ ಕಡ್ಡಾಯವಾದ 2023ರ ಬೇಸಿಗೆ ಅದು. ಆಗತಾನೆ ಉದ್ಯೋಗ ಚೀಟಿಗೆ ಹೆಸರು ಸೇರಿಸಿಕೊಂಡಿದ್ದ ಹದಿನೆಂಟರ ಹುಡುಗನೊಬ್ಬ ಹೂಳೆತ್ತುವ ಕೆಲಸಕ್ಕೆ ಬಂದ. ಎರಡನೆಯ ದಿನ ಹನ್ನೊಂದು ಗಂಟೆಗೆಲ್ಲ ಕಾಣೆಯಾದ. ಮೂರನೆಯ ಬೆಳಿಗ್ಗೆ ನಾನು ಸ್ಥಳಕ್ಕೆ ಹೋದಾಗ ನಲವತ್ತು ಜನರ ಎದುರು, 'ಓದೂ ಹತ್ತಲಿಲ್ಲ, ಮಣ್ಣಿನ ಕೆಲಸವೂ ಹತ್ತಲಿಲ್ಲವೇನಪ್ಪ?' ಎಂದೆ. ಕೆಲವರು ನಕ್ಕರು. ಅವನು ಸಲಿಕೆಯನ್ನು ತಾಯಿಯ ಪಕ್ಕದಲ್ಲಿಟ್ಟು ಹೊರಟುಹೋದ.

ಸಂಜೆ ಆ ಗುಂಪಿನ ಕಾಯಕ ಬಂಧು ಅಕ್ಕ ನನ್ನನ್ನು ತಡೆದು ಹೇಳಿದರು: 'ಸರ್, ಗುರುತು ಹಾಕಿಕೊಟ್ಟ ಗುಂಡೀನ ಅವನು ಹನ್ನೊಂದಕ್ಕೇ ಮುಗಿಸಿದ್ದ. ಎರಡನೇ ಫೋಟೋ ಇರುತ್ತೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.' ಅಳತೆ ಪುಸ್ತಕದಲ್ಲಿ ಅವನು ತೋಡಿದ ಮಣ್ಣಿತ್ತು. ಹಾಜರಾತಿಯಲ್ಲಿ ಅವನ ದಿನವಿರಲಿಲ್ಲ. ಮನೆಗೆ ಹೋಗಿ ಕ್ಷಮೆ ಕೇಳೋಣವೆಂದರೆ ಅಷ್ಟರಲ್ಲಿ ಅವನು ಬೆಂಗಳೂರಿನ ಬಸ್ ಹತ್ತಿದ್ದ. ಎಂಜಿನಿಯರಿಂಗ್ ಓದಿದ ನಾನು ಗುಂಡಿಯನ್ನು ಅಳೆದು ನೋಡಿದ್ದರೆ ಸಾಕಿತ್ತು, ಅದನ್ನೂ ಮಾಡಿರಲಿಲ್ಲ.

ಅಂದಿನಿಂದ ನಮ್ಮ ಪಂಚಾಯಿತಿಯಲ್ಲಿ ಹೊಸಬರ ಮೊದಲ ಬೆಳಿಗ್ಗೆಯ ಅರ್ಧ ಗಂಟೆ ವಿವರಣೆಗೇ ಮೀಸಲು. ದಿನಕ್ಕೆ ಎರಡು ಫೋಟೋ ಏಕೆ, ಕೂಲಿಯು ಹಾಜರಾತಿಯ ಜೊತೆಗೆ ಅಳತೆಯನ್ನೂ ಅವಲಂಬಿಸುವುದು ಹೇಗೆ, ದಿನಗೂಲಿ ಪೂರ್ಣವಾಗಿ ಸಿಗಬೇಕಾದರೆ ಗುಂಪು ಎಷ್ಟು ಮಣ್ಣು ತೆಗೆಯಬೇಕು, ಎನ್‌ಎಂಆರ್ ಮುಗಿದ 15 ದಿನಗಳೊಳಗೆ ಹಣ ಖಾತೆಗೆ ಬರಬೇಕೆಂಬ ನಿಯಮ, ಇವನ್ನೆಲ್ಲ ಅವರ ಮುಂದೆಯೇ ಲೆಕ್ಕ ಹಾಕಿ ತೋರಿಸುತ್ತೇವೆ. ಪಿಯುಸಿ ಓದಿದ ಮಕ್ಕಳಿಗೆ ಘನ ಅಳತೆಯ ಲೆಕ್ಕ ನಮಗಿಂತ ಬೇಗ ಬರುತ್ತದೆ. ಅಳತೆಯ ಹೊತ್ತಿಗೆ ಟೇಪಿನ ಒಂದು ತುದಿಯನ್ನು ಅವರ ಕೈಗೆ ಕೊಡಿ. ತಾನು ತೋಡಿದ್ದನ್ನು ತಾನೇ ಅಳೆದ ಹುಡುಗಿ ಮರುದಿನ ಅಂಚನ್ನು ನೇರವಾಗಿ ಕಡಿಯುವುದನ್ನು ನಾನು ಕಂಡಿದ್ದೇನೆ. ಆ್ಯಪ್ ತೊಡಕಾದಾಗ ಅವರ ಸಹಾಯ ಕೇಳುವುದರಲ್ಲಿ ಸಂಕೋಚ ಬೇಡ. ಆದರೆ ಹಾಜರಾತಿಯ ಹೊಣೆಯನ್ನು ಅವರಿಗೆ ವಹಿಸಬಾರದು, ಅದು ತಮ್ಮದೇ.

ತಪ್ಪು ಕಂಡರೆ ಪಕ್ಕಕ್ಕೆ ಕರೆದು ಹೇಳಿ. ತಾಯಿ ಅದೇ ಗುಂಪಿನಲ್ಲಿದ್ದರೆ ಅವರ ಮುಂದಂತೂ ಬೇಡ. ಹದಿನೆಂಟು ಹತ್ತೊಂಬತ್ತರ ಹೆಣ್ಣುಮಕ್ಕಳು ಒಂದೆರಡು ದಿನ ಬಾರದಿದ್ದರೆ ಎಲ್ಲರ ಮುಂದೆ ಕಾರಣ ಕೇಳದೆ ಗ್ರಾಮ ಕಾಯಕ ಮಿತ್ರರು ಮಾತನಾಡಿಸಲಿ. ನೆರಳು, ಕುಡಿಯುವ ನೀರು, ಪ್ರಥಮ ಚಿಕಿತ್ಸಾ ಪೆಟ್ಟಿಗೆ ಕಾಯ್ದೆಯಲ್ಲೇ ಇವೆ, ಇವನ್ನು ನಾನು ಹೆಚ್ಚು ವಿವರಿಸಬೇಕಿಲ್ಲ.

ಇನ್ನು ಹದಿನೆಂಟು ತುಂಬದವರ ವಿಷಯ. ಕಳೆದ ವರ್ಷ ತಾಯಿಯೊಬ್ಬರು ತಮ್ಮ ಬದಲಿಗೆ ಹದಿನೇಳರ ಮಗನನ್ನು ಕಳುಹಿಸಿದರು. 'ಆರು ತಿಂಗಳು ತಾನೇ ಸರ್, ನನಗಿಂತ ಗಟ್ಟಿ ಇದ್ದಾನೆ' ಎಂದರು. ಅವರ ಮಂಡಿನೋವು ನಿಜವಾಗಿತ್ತು. ಆದರೂ ಒಪ್ಪಲಿಲ್ಲ, ಅವರಿಗೆ ಗುಂಪಿಗೆ ನೀರು ಕೊಡುವ ಕೆಲಸ ವಹಿಸಿದೆವು. ಹುಡುಗನನ್ನು ಹಿಂದಕ್ಕೆ ಕಳುಹಿಸಿದೊಡನೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಅವನು ಅಡಿಕೆ ಸುಲಿಯುವ ಖೇಣಿ ಮನೆಗೋ ಹೆದ್ದಾರಿಯ ಹೋಟೆಲಿಗೋ ಹೋಗುತ್ತಾನೆ. 1986ರ ಬಾಲ ಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ 14ರಿಂದ 18ರೊಳಗಿನವರನ್ನು ಗಣಿ, ಸ್ಫೋಟಕ ಮುಂತಾದ ಅಪಾಯಕಾರಿ ಕೆಲಸಗಳಿಗೆ ಸೇರಿಸುವಂತಿಲ್ಲ. ಇತರೆಡೆಯೂ ಬಿಡುವು ಸೇರಿ ದಿನಕ್ಕೆ ಆರು ಗಂಟೆ ಮೀರುವಂತಿಲ್ಲ, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ದೀಪಗಳು ಎಷ್ಟು ಹೊತ್ತಿನವರೆಗೆ ಉರಿಯುತ್ತವೆಂಬುದು ಹೊಳಲ್ಕೆರೆಯ ಕಡೆಯವರಿಗೆ ಗೊತ್ತು. ಅಲ್ಲಿ ಮಕ್ಕಳು ಕಂಡರೆ ಪಂಚಾಯಿತಿಗೆ ತಿಳಿಸಿ, ಇಲ್ಲವೇ 1098ಕ್ಕೆ ಕರೆ ಮಾಡಿ. ಆ ಹುಡುಗನಿಗೆ ನಾವು ಬಾಕಿ ಉಳಿದ ಎರಡು ವಿಷಯಗಳ ಪರೀಕ್ಷೆ ಕಟ್ಟಿಸಿದೆವು. ಒಂದರಲ್ಲಿ ಉತ್ತೀರ್ಣನಾಗಿದ್ದಾನೆ, ಇನ್ನೊಂದು ಬಾಕಿಯಿದೆ.

ಮುಂದಿನ ಎನ್‌ಎಂಆರ್ ತೆಗೆಯುವ ಮುನ್ನ ತಮ್ಮ ಗುಂಪಿಗೆ ಹೊಸದಾಗಿ ಸೇರಿದವರ ಜನ್ಮದಿನಾಂಕವನ್ನು ಶಾಲಾ ದಾಖಲೆಯೊಂದಿಗೆ ತಾಳೆ ನೋಡಿ, ಪಟ್ಟಿಯನ್ನು ತಮ್ಮ ಪಂಚಾಯಿತಿಗೆ ತಲುಪಿಸಬೇಕೆಂದು ಕೋರುತ್ತೇನೆ.