ನಡುಗಡಲಿನಲ್ಲಿ ಒಂದು ಅಂಗಿ ಒಗೆಯುವುದೆಂದರೆ



ಇಂದಿನ ಮಾತು ಬಟ್ಟೆ ಒಗೆಯುವುದನ್ನು ಕುರಿತದ್ದು. ಬಟ್ಟೆ ಒಗೆಯುವುದರ ಮೇಲೂ ಒಂದು ಭಾಷಣವೇ ಎಂದು ನಿಮಗೆ ನಗು ಬರಬಹುದು. ಮನೆಯಲ್ಲಾದರೆ ಅದೇನೂ ದೊಡ್ಡ ವಿಷಯವಲ್ಲ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಸೋಪು ಅಂಗಡಿಯಲ್ಲಿ ಸಿಗುತ್ತದೆ, ಒಗೆದ ನೀರು ಮೋರಿ ಸೇರುತ್ತದೆ, ಬಟ್ಟೆ ತಂತಿಯ ಮೇಲೇರುತ್ತದೆ. ಉಳಿದ ಕೆಲಸ ಬಿಸಿಲಿನದು. ಇದೇ ಕೆಲಸವನ್ನು ನಡುಸಮುದ್ರದಲ್ಲಿ ಸಾಗುತ್ತಿರುವ ಒಂದು ವಿಹಾರ ನೌಕೆಯಲ್ಲಿ ಮಾಡಬೇಕೆಂದುಕೊಳ್ಳಿ. ಅಲ್ಲಿ ಬಾವಿಯಿಲ್ಲ, ಮೋರಿಯಿಲ್ಲ, ಬಟ್ಟೆ ಹರವುವ ಅಂಗಳವೂ ಇಲ್ಲ. ಆಗ ಒಂದು ಅಂಗಿಯ ಹಿಂದೆ ಎಷ್ಟು ವಿಜ್ಞಾನ, ಎಷ್ಟು ಕಾನೂನು, ಎಷ್ಟು ಜನರ ದುಡಿಮೆ ಇದೆ ಎಂಬುದು ಕಣ್ಣಿಗೆ ಕಾಣತೊಡಗುತ್ತದೆ.

ವಿಹಾರ ನೌಕೆಯೆಂದರೆ ಊರಿಂದೂರಿಗೆ ಹೋಗುವ ಸಾರಿಗೆ ಹಡಗಲ್ಲ. ರಜಾದಿನಗಳನ್ನು ನೀರಿನ ಮೇಲೆಯೇ ಕಳೆಯಲೆಂದು ಕಟ್ಟಿದ ತೇಲುವ ಹೋಟೆಲು. ನಮ್ಮ ನವ ಮಂಗಳೂರು ಬಂದರಿಗೂ ಇಂಥ ಹಡಗುಗಳು ಬಂದುಹೋಗುತ್ತವೆ. 2024ರ ಜನವರಿಯಲ್ಲಿ ಅಮೆರಿಕದ ಮಯಾಮಿಯಿಂದ ಮೊದಲ ವಿಹಾರ ಹೊರಟ 'ಐಕಾನ್ ಆಫ್ ದ ಸೀಸ್' ಎಂಬ ಹಡಗು ಗರಿಷ್ಠ ಸುಮಾರು 7,600 ಪ್ರಯಾಣಿಕರನ್ನು ಹೊರಬಲ್ಲದು. ಸಿಬ್ಬಂದಿಯೇ ಎರಡು ಸಾವಿರಕ್ಕಿಂತ ಹೆಚ್ಚು. ಒಂದು ಸಣ್ಣ ಪಟ್ಟಣದಷ್ಟು ಜನ! ಅವರ ಉಡುಪು, ಹಾಸಿಗೆ ಬಟ್ಟೆ, ಟವೆಲ್ಲು, ಊಟದ ಮೇಜಿನ ಹಾಸು ಎಲ್ಲವೂ ಕೊಳೆಯಾಗುತ್ತವೆ, ಎಲ್ಲವನ್ನೂ ಒಗೆಯಬೇಕು.

ಸುತ್ತಲೂ ಇಷ್ಟೊಂದು ಸಮುದ್ರವಿರುವಾಗ ನೀರಿಗೇನು ಬರ ಎಂದು ನೀವು ಕೇಳಬಹುದು. ಇಲ್ಲಿಂದಲೇ ನಮ್ಮ ರಸಾಯನಶಾಸ್ತ್ರ ಆರಂಭವಾಗುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಕರಗಿರುತ್ತವೆ. ಹೆಚ್ಚಿನ ಪಾಲು ಅಡಿಗೆ ಉಪ್ಪೇ. ಜೊತೆಗೆ ಮೆಗ್ನೀಸಿಯಮ್ ಸುಮಾರು 1,300 ಮಿಲಿಗ್ರಾಂ, ಕ್ಯಾಲ್ಸಿಯಮ್ ಸುಮಾರು 400 ಮಿಲಿಗ್ರಾಂ ಇರುತ್ತವೆ. ಗಡಸು ನೀರಿನ ಬೋರ್‌ವೆಲ್ ಇರುವ ಊರಿನವರಿಗೆ ಇದರ ಪರಿಣಾಮ ಗೊತ್ತು. ಎಷ್ಟು ಉಜ್ಜಿದರೂ ಸೋಪು ನೊರೆಯಾಗದು, ಬಕೆಟ್ಟಿನ ಅಂಚಿಗೆ ಬಿಳಿಯ ಜಿಡ್ಡು ಅಂಟಿಕೊಳ್ಳುತ್ತದೆ. ಸೋಪೆಂದರೆ ಕೊಬ್ಬಿನ ಆಮ್ಲಗಳ ಸೋಡಿಯಮ್ ಲವಣ. ಕ್ಯಾಲ್ಸಿಯಮ್, ಮೆಗ್ನೀಸಿಯಮ್‌ಗಳು ಆ ಸೋಡಿಯಮ್ಮಿನ ಜಾಗಕ್ಕೆ ಬಂದು ಕುಳಿತರೆ, ನೀರಿನಲ್ಲಿ ಕರಗದ ಹೊಸ ವಸ್ತುವಾಗುತ್ತದೆ. ಅದೇ ಆ ಜಿಡ್ಡು. ಸಮುದ್ರದ ನೀರು ಯಾವ ಬೋರ್‌ವೆಲ್ ನೀರಿಗಿಂತಲೂ ಗಡಸು. ಅದರಲ್ಲಿರುವ ಅಡಿಗೆ ಉಪ್ಪು ಕೂಡ ಸೋಪನ್ನು ಕರಗಗೊಡುವುದಿಲ್ಲ.

ಇದನ್ನು ನೀವು ಮನೆಯಲ್ಲೇ ಪರೀಕ್ಷಿಸಬಹುದು. ಮುಚ್ಚಳವಿರುವ ಎರಡು ಬಾಟಲಿಗಳಲ್ಲಿ ಅರ್ಧರ್ಧ ಲೋಟ ಮಳೆನೀರು ತೆಗೆದುಕೊಳ್ಳಿ. ಒಂದಕ್ಕೆ ಒಂದು ಚಮಚ ಉಪ್ಪು ಹಾಕಿ ಕರಗಿಸಿ. ಎರಡಕ್ಕೂ ಒಂದೇ ಅಳತೆಯ ಸೋಪಿನ ತುರಿ ಹಾಕಿ ಚೆನ್ನಾಗಿ ಕುಲುಕಿ. ಯಾವುದರಲ್ಲಿ ನೊರೆ ಬಂತು, ಯಾವುದರಲ್ಲಿ ಸೋಪು ತರಿತರಿಯಾಗಿ ಉಳಿಯಿತು ಎಂದು ನೋಡಿ ಬರೆದಿಟ್ಟುಕೊಳ್ಳಿ.

ಡಿಟರ್ಜೆಂಟ್ ಪುಡಿಗಳು ಗಡಸು ನೀರಿನಲ್ಲೂ ಕೆಲಸ ಮಾಡುತ್ತವೆ, ನಿಜ. ಆದರೆ ಉಪ್ಪುನೀರಿನಲ್ಲಿ ಒಗೆದ ಬಟ್ಟೆಗೆ ಇನ್ನೊಂದು ತೊಡಕಿದೆ. ನೀರು ಆರಿದ ಮೇಲೂ ಉಪ್ಪು ನೂಲಿನಲ್ಲಿ ಉಳಿಯುತ್ತದೆ. ಆ ಉಪ್ಪು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಬಟ್ಟೆ ಸದಾ ತಣಸಾಗಿರುತ್ತದೆ, ಮೈಗೆ ಒರಟಾಗಿ ಉಜ್ಜುತ್ತದೆ. ಹಾಯಿಹಡಗುಗಳ ಕಾಲದಲ್ಲಿ ಸಿಹಿನೀರನ್ನು ಕುಡಿಯಲೆಂದು ಅಳೆದು ಕೊಡುತ್ತಿದ್ದರು. ಆದ್ದರಿಂದ ನಾವಿಕರಿಗೆ ಮಳೆ ಬಂದ ದಿನವೇ ಒಗೆತದ ದಿನ.

ಉಗಿಹಡಗುಗಳ ಕಾಲ ಬಂದಾಗಲೂ ಈ ಕಷ್ಟ ಪೂರ್ತಿ ತೀರಲಿಲ್ಲ. 1912ರಲ್ಲಿ ಸೌತಾಂಪ್ಟನ್ ಬಂದರಿನಿಂದ ಹೊರಟ 'ಟೈಟಾನಿಕ್' ಹಡಗಿನ ವೈಭವವನ್ನು ನೀವು ಕೇಳಿದ್ದೀರಿ. ಅದರಲ್ಲಿ ಈಜುಕೊಳವಿತ್ತು, ವ್ಯಾಯಾಮ ಶಾಲೆಯಿತ್ತು. ಬಟ್ಟೆ ಒಗೆಯುವ ಕೋಣೆ ಮಾತ್ರ ಇರಲಿಲ್ಲ. ಊಟದ ಮೇಜಿನ ಕೈವಸ್ತ್ರಗಳನ್ನೇ ಸಾವಿರಾರು ಸಂಖ್ಯೆಯಲ್ಲಿ ತುಂಬಿಕೊಂಡು ಹೊರಟಿತ್ತು. ಕೊಳೆಯಾದದ್ದನ್ನೆಲ್ಲ ಕಟ್ಟಿಟ್ಟು ದಡ ಸೇರಿದ ಮೇಲೆ ಒಗೆಯಿಸುವುದು ಅಂದಿನ ಪದ್ಧತಿ.

ಇಂದಿನ ನೌಕೆ ಹಾಗಲ್ಲ. ಅದು ತನಗೆ ಬೇಕಾದ ಸಿಹಿನೀರಿನ ಬಹುಪಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇದಕ್ಕೆ ಎರಡು ಮಾರ್ಗಗಳಿವೆ. ಮೊದಲನೆಯದು ಭಟ್ಟಿ ಇಳಿಸುವುದು. ಎತ್ತರದ ಬೆಟ್ಟದ ಮೇಲೆ ಅನ್ನ ಬೇಯುವುದು ತಡ ಎಂದು ಪಾಠದಲ್ಲಿ ಓದಿದ್ದೀರಿ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕುದಿಯುತ್ತದೆ. ಹಡಗಿನಲ್ಲಿ ಇದೇ ತತ್ತ್ವದ ಬಳಕೆ. ಮುಚ್ಚಿದ ಪಾತ್ರೆಯೊಳಗಿನ ಗಾಳಿಯನ್ನು ಹೀರಿ ಒತ್ತಡವನ್ನು ಬಹಳ ತಗ್ಗಿಸಿದರೆ, ಸಮುದ್ರದ ನೀರು 40–50 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಅಷ್ಟು ಶಾಖವನ್ನು ಎಂಜಿನ್ ತಣಿಸಿ ಬಂದ ಬಿಸಿನೀರೇ ಒದಗಿಸುತ್ತದೆ. ಆ ಆವಿಯನ್ನು ತಂಪಾಗಿಸಿದರೆ ಸಿಹಿನೀರು. ಎರಡನೆಯದು ವಿಲೋಮ ಪರಾಸರಣ, ಅಂದರೆ ಆರ್.ಓ. ವಿಧಾನ. ಬಹಳ ಸೂಕ್ಷ್ಮವಾದ ಪೊರೆಯ ಮೂಲಕ ಸಮುದ್ರದ ನೀರನ್ನು ವಾಯುಮಂಡಲದ ಒತ್ತಡದ ಐವತ್ತು ಅರವತ್ತು ಪಟ್ಟು ಒತ್ತಡದಲ್ಲಿ ನೂಕುತ್ತಾರೆ. ನೀರು ದಾಟುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಪಂಪುಗಳಿಗೆ ವಿದ್ಯುತ್ ಬೇಕು, ವಿದ್ಯುತ್ತಿಗೆ ಇಂಧನ ಬೇಕು. ಹೀಗಾಗಿ ನೌಕೆಯಲ್ಲಿ ವ್ಯರ್ಥವಾಗುವ ಒಂದು ಬಕೆಟ್ ನೀರೆಂದರೆ ವ್ಯರ್ಥವಾಗಿ ಉರಿದ ಇಂಧನ ಎಂದೇ ಲೆಕ್ಕ. ಕೆಲವು ಹಡಗುಗಳಲ್ಲಿ ಹವಾನಿಯಂತ್ರಣ ಯಂತ್ರಗಳಿಂದ ತೊಟ್ಟಿಕ್ಕುವ ನೀರನ್ನೂ ಹಿಡಿದು ಬಟ್ಟೆ ಒಗೆಯಲು ಬಳಸುತ್ತಾರೆ. ಆ ನೀರಿನಲ್ಲಿ ಗಡಸುತನವಿಲ್ಲದ್ದರಿಂದ ಸೋಪೂ ಕಡಿಮೆ ಸಾಕು.

ನೀರಿನ ಕಥೆ ಇಷ್ಟು. ಇನ್ನು ಬೆಂಕಿಯ ಕಥೆ. ಸುತ್ತಲೂ ನೀರಿರುವ ಹಡಗಿಗೆ ಬಹುದೊಡ್ಡ ಭಯ ಬೆಂಕಿಯೇ. ಅಗ್ನಿಶಾಮಕ ದಳ ದಡದಿಂದ ಓಡಿ ಬರಲಾರದು, ಜನ ಬೀದಿಗೆ ಇಳಿಯಲಾರರು. 1998ರ ಜುಲೈ 20ರಂದು ಮಯಾಮಿಯಿಂದ ಹೊರಟ 'ಎಕ್‌ಸ್ಟಸಿ' ಎಂಬ ನೌಕೆಯಲ್ಲಿ ನಡೆದದ್ದನ್ನು ಕೇಳಿ. ಹಡಗಿನ ಮುಖ್ಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಮಾಡುವ ದೊಡ್ಡ ಉರುಳೆ ಯಂತ್ರ ಕೆಟ್ಟಿತ್ತು. ಅನುಮತಿ ಪಡೆಯದೆ ಅಲ್ಲಿ ವೆಲ್ಡಿಂಗ್ ಕೆಲಸ ನಡೆಯಿತು. ಬಟ್ಟೆ ಒಣಗುವಾಗ ಉದುರುವ ನವಿರಾದ ನಾರಿನ ಧೂಳನ್ನು ನೀವು ಕಂಡಿರಬಹುದು. ಹತ್ತಿಯಷ್ಟು ಹಗುರ, ಹತ್ತಿಯಂತೆಯೇ ಬೇಗ ಹೊತ್ತುವಂಥದ್ದು. ಅದು ಗಾಳಿಯ ಕೊಳವೆಗಳಲ್ಲಿ ರಾಶಿಯಾಗಿ ಸೇರಿಕೊಂಡಿತ್ತು. ವೆಲ್ಡಿಂಗಿನಿಂದ ಆ ಧೂಳಿಗೆ ಬೆಂಕಿ ತಗುಲಿತು. ಬೆಂಕಿ ಕೊಳವೆಗಳಲ್ಲೇ ಸಾಗಿ ಹಡಗಿನ ಹಿಂಭಾಗಕ್ಕೆ ತಲುಪಿ, ಅಲ್ಲಿದ್ದ ಪ್ಲಾಸ್ಟಿಕ್ ಹಗ್ಗಗಳನ್ನು ಹೊತ್ತಿಸಿತು. ಸುಮಾರು 2,500 ಪ್ರಯಾಣಿಕರು, 900ಕ್ಕೂ ಹೆಚ್ಚು ಸಿಬ್ಬಂದಿ ಇದ್ದ ಹಡಗು ಚಲನಶಕ್ತಿ ಕಳೆದುಕೊಂಡು ತೇಲತೊಡಗಿತು. ದಡ ಹತ್ತಿರವಿದ್ದುದರಿಂದ ಎಳೆಹಡಗುಗಳು ಬಂದು ನೀರು ಹಾಯಿಸಿದವು. ಕೆಲವರಿಗೆ ಗಾಯಗಳಾದರೂ ಯಾರೂ ಸಾಯಲಿಲ್ಲ. ಕಾರಣವನ್ನು ಪತ್ತೆಹಚ್ಚಿದ್ದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ.

ಎಂಟು ವರ್ಷಗಳ ನಂತರ, 2006ರ ಮಾರ್ಚ್ 23ರಂದು, ಜಮೈಕಾದ ಸಮೀಪ 'ಸ್ಟಾರ್ ಪ್ರಿನ್ಸೆಸ್' ನೌಕೆಗೆ ಬೆಂಕಿ ಬಿತ್ತು. ಯಾರೋ ಎಸೆದ ಸಿಗರೇಟಿನ ತುಂಡು ಬಾಲ್ಕನಿಯೊಂದರಲ್ಲಿ ಸುಲಭವಾಗಿ ಉರಿಯುವ ವಸ್ತುವಿಗೆ ತಗುಲಿರಬೇಕು ಎಂದು ತನಿಖೆ ತೀರ್ಮಾನಿಸಿತು. ಒಬ್ಬ ಪ್ರಯಾಣಿಕರು ಪ್ರಾಣ ಕಳೆದುಕೊಂಡರು. ಅನಂತರ ಬಾಲ್ಕನಿಗಳ ಬೆಂಕಿ ಸುರಕ್ಷತೆಗೆ ಅಂತರರಾಷ್ಟ್ರೀಯ ನಿಯಮಗಳು ಬಿಗಿಯಾದವು.

ವಿಹಾರಕ್ಕೆ ಹೋದವರಿಗೆ ಹಡಗಿನವರು ಹೇಳುವ ಕೆಲವು ಮಾತುಗಳು ಕಿರಿಕಿರಿ ಎನಿಸುವುದುಂಟು. ಇಸ್ತ್ರಿ ಪೆಟ್ಟಿಗೆಯನ್ನು ಕೋಣೆಗೆ ತರಬೇಡಿ. ಒದ್ದೆ ಟವೆಲ್ಲನ್ನು ಬಾಲ್ಕನಿಯ ಕಂಬಿಯ ಮೇಲೆ ಹರವಬೇಡಿ. ಒಣಗಿಸುವ ಯಂತ್ರ ಬಳಸುವ ಮೊದಲು ಜಾಲರಿಯಲ್ಲಿರುವ ನಾರಿನ ಧೂಳನ್ನು ತೆಗೆಯಿರಿ. ನಾನು ಈಗ ಹೇಳಿದ ಎರಡು ಘಟನೆಗಳನ್ನು ನೆನೆದರೆ ಈ ಮಾತುಗಳ ಅರ್ಥ ತಾನಾಗಿಯೇ ಹೊಳೆಯುತ್ತದೆ.

ಹಾಗಾದರೆ ಪ್ರಯಾಣಿಕರು ಏನು ಮಾಡುತ್ತಾರೆ? ಮೂರು ದಾರಿಗಳಿವೆ. ಹಣ ಕೊಟ್ಟು ಹಡಗಿನ ಲಾಂಡ್ರಿಗೆ ಹಾಕಬಹುದು. 'ಕ್ವೀನ್ ಮೇರಿ 2'ರಂಥ ಕೆಲವು ಹಡಗುಗಳಲ್ಲಿ ಪ್ರಯಾಣಿಕರು ತಾವೇ ಬಳಸುವ ಯಂತ್ರಗಳ ಕೋಣೆಯಿದೆ, ಅಲ್ಲಿ ಒಗೆದುಕೊಳ್ಳಬಹುದು. ಇಲ್ಲವೆ ಒಂದೆರಡು ಚಿಕ್ಕ ಬಟ್ಟೆಗಳನ್ನು ಕೋಣೆಯ ಬಚ್ಚಲಲ್ಲೇ ಕೈಯಿಂದ ಹಿಂಡಿಕೊಳ್ಳಬಹುದು. ಮೂರನೆಯ ದಾರಿ ಹಿಡಿದವರಿಗೆ ಭೌತಶಾಸ್ತ್ರ ನೆರವಾಗುತ್ತದೆ. ಗಾಳಿಯಿಂದ ಹತ್ತಿ ತನ್ನ ತೂಕದ ಶೇಕಡಾ 8ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಆದ್ದರಿಂದ ತೆಳು ಪಾಲಿಯೆಸ್ಟರ್ ಅಂಗಿ ಒಂದು ರಾತ್ರಿಯಲ್ಲಿ ಒಣಗಿದರೆ, ದಪ್ಪ ಜೀನ್ಸ್ ಪ್ಯಾಂಟು ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹೊಡೆಯಬಹುದು. ಒಗೆದ ಬಟ್ಟೆಯನ್ನು ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿದರೆ ಅರ್ಧ ನೀರು ಅಲ್ಲೇ ಇಳಿಯುತ್ತದೆ. ಆಮೇಲೆ ಬಚ್ಚಲಿನ ದಾರದ ಮೇಲೆ ಹಾಕಿದರಾಯಿತು.

ಪಾಲಿಯೆಸ್ಟರ್ ಬೇಗ ಒಣಗುತ್ತದೆ ಎಂದು ಹೇಳಿದೆ. ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಹಡಗಿನ ಕೊಳಕು ನೀರಿನಲ್ಲಿ ಎರಡು ಬಗೆ. ಶೌಚಾಲಯದ್ದು ಕಪ್ಪು ನೀರು. ಸ್ನಾನ, ಅಡಿಗೆಮನೆ, ಲಾಂಡ್ರಿಗಳದ್ದು ಬೂದು ನೀರು. ಹಡಗುಗಳಿಂದಾಗುವ ಮಾಲಿನ್ಯ ತಡೆಯಲು 'ಮಾರ್‌ಪೋಲ್' ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. ಅದರ ನಾಲ್ಕನೆಯ ಅನುಬಂಧ ಕಪ್ಪು ನೀರಿಗೆ ಕಟ್ಟುಪಾಡು ಹಾಕುತ್ತದೆ. ಲಾಂಡ್ರಿಯ ಬೂದು ನೀರು ಅದರ ವ್ಯಾಪ್ತಿಗೆ ಬರುವುದಿಲ್ಲ. ಅಲಾಸ್ಕದಂಥ ಕೆಲವು ಕಡೆ ಮಾತ್ರ ಸ್ಥಳೀಯ ಕಾನೂನುಗಳು ಅದನ್ನೂ ನಿಯಂತ್ರಿಸುತ್ತವೆ. ಅಲಾಸ್ಕ ರಾಜ್ಯದ ಕಾನೂನು ಬಂದದ್ದು 2001ರಲ್ಲಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2008ರ ವರದಿಯಂತೆ, ವಿಹಾರ ನೌಕೆಯಲ್ಲಿ ತಲೆಗೆ ದಿನಕ್ಕೆ ಸರಾಸರಿ ಸುಮಾರು 250 ಲೀಟರ್ ಬೂದು ನೀರು ಹೊರಬರುತ್ತದೆ. ನಮ್ಮ ದೇಶದಲ್ಲಿ ಒಳಚರಂಡಿ ಇರುವ ನಗರಗಳಿಗೆ ನಿಗದಿಯಾದ ನೀರಿನ ಪೂರೈಕೆಯ ಅಳತೆಯೇ ತಲೆಗೆ ದಿನಕ್ಕೆ 135 ಲೀಟರ್ ಎಂಬುದರೊಡನೆ ಇದನ್ನು ಹೋಲಿಸಿ ನೋಡಿ.

ಆ ನೀರಿನಲ್ಲಿ ಸೋಪು ಮಾತ್ರ ಇರುವುದಿಲ್ಲ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಆರು ಕಿಲೋ ಅಕ್ರಿಲಿಕ್ ಬಟ್ಟೆಗಳನ್ನು ಒಂದು ಬಾರಿ ಯಂತ್ರದಲ್ಲಿ ಒಗೆದರೆ ಏಳು ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ಕಳಚಿ ಬರಬಹುದು. ಪಾಲಿಯೆಸ್ಟರ್ ಬಟ್ಟೆಯಿಂದಲೂ ಲಕ್ಷಗಟ್ಟಲೆ ಎಳೆಗಳು ಬರುತ್ತವೆ. ಇವೆಲ್ಲ ಪ್ಲಾಸ್ಟಿಕ್ಕಿನ ಎಳೆಗಳು. ಮೀನು, ಸಿಗಡಿಗಳ ಹೊಟ್ಟೆಯಲ್ಲೂ ಇಂಥ ಎಳೆಗಳು ಸಿಕ್ಕಿವೆ. ನಮ್ಮ ಊರಿನ ಮೋರಿಯಿಂದ ಸಮುದ್ರಕ್ಕೆ ದಾರಿ ಉದ್ದ. ಹಡಗಿನಿಂದ ಕೆಲವೇ ಮೀಟರ್. ಇರುವ ವ್ಯತ್ಯಾಸ ಅಷ್ಟೆ.

ಕೊನೆಯದಾಗಿ ದುಡಿಯುವ ಜನರ ಮಾತು. ನೌಕೆಯ ಮುಖ್ಯ ಲಾಂಡ್ರಿ ಸಾಮಾನ್ಯವಾಗಿ ಕೆಳ ಅಂತಸ್ತಿನಲ್ಲಿ, ಕಿಟಕಿಯಿಲ್ಲದ ಕಡೆ ಇರುತ್ತದೆ. ಮೇಲೆ ಸಂಗೀತ ನಡೆಯುತ್ತಿರುವಾಗ ಕೆಳಗೆ ಬಿಸಿಯಲ್ಲಿ, ಯಂತ್ರಗಳ ಸದ್ದಿನಲ್ಲಿ ಜನ ಸರದಿಯ ಮೇಲೆ ದುಡಿಯುತ್ತಿರುತ್ತಾರೆ. ಇಂಥ ಹಡಗುಗಳಲ್ಲಿ ಭಾರತೀಯರು ಬಹಳ ಮಂದಿ. ನಮ್ಮ ಕರಾವಳಿಯ ಯುವಕರೂ ಇದ್ದಾರೆ. ಇವರ ರಕ್ಷಣೆಗಾಗಿ 2006ರಲ್ಲಿ ರೂಪುಗೊಂಡ ಕಡಲ ಕಾರ್ಮಿಕ ಒಪ್ಪಂದ 2013ರಲ್ಲಿ ಜಾರಿಗೆ ಬಂತು. ಭಾರತ ಅದನ್ನು 2015ರಲ್ಲಿ ಅನುಮೋದಿಸಿತು. ಅದರ ಪ್ರಕಾರ ಪ್ರತಿ ದೇಶವೂ ಎರಡು ಮಿತಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಒಂದು, ಕೆಲಸ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ ಮೀರಬಾರದು. ಇನ್ನೊಂದು, ವಿಶ್ರಾಂತಿ ದಿನಕ್ಕೆ 10 ಗಂಟೆಗೆ, ವಾರಕ್ಕೆ 77 ಗಂಟೆಗೆ ಕಡಿಮೆಯಾಗಬಾರದು. ವಾರದಲ್ಲಿ 168 ಗಂಟೆಗಳಿವೆ. ಎರಡನೆಯ ಮಿತಿಯನ್ನು ಅನುಸರಿಸುವ ಹಡಗಿನಲ್ಲಿ ಒಬ್ಬರು ವಾರಕ್ಕೆ ಎಷ್ಟು ಗಂಟೆ ದುಡಿಯಬೇಕಾಗಬಹುದು ಎಂಬುದನ್ನು ನೀವೇ ಕಳೆದು ನೋಡಿ. ದಿನಕ್ಕೆ ಎರಡು ಟವೆಲ್ಲು ಬದಲಿಸುವ ಪ್ರಯಾಣಿಕರು ಆ ಲೆಕ್ಕಕ್ಕೂ ಸ್ವಲ್ಪ ಸೇರಿಸುತ್ತಿರುತ್ತಾರೆ.

ಹೀಗೆ ಹಡಗಿನಲ್ಲಿ ಒಂದು ಅಂಗಿ ಒಗೆಯುವುದು ಒಬ್ಬರ ಖಾಸಗಿ ಕೆಲಸವಾಗಿ ಉಳಿಯುವುದಿಲ್ಲ. ಅದರ ನೀರಿಗೆ ಇಂಧನ ಉರಿಯುತ್ತದೆ, ಅದರ ಧೂಳು ಸಾವಿರಾರು ಜನರ ಪ್ರಾಣಕ್ಕೆ ಸಂಬಂಧಿಸಿದ್ದು, ಅದರ ಕೊಳೆ ಎಲ್ಲರ ಸಮುದ್ರಕ್ಕೆ ಸೇರುವಂಥದ್ದು, ಅದರ ಮಡಿಕೆಯಲ್ಲಿ ಇನ್ನೊಬ್ಬರ ಶ್ರಮವಿದೆ. ದಡದ ಮೇಲಿನ ಒಗೆತಕ್ಕೂ ಈ ಮಾತು ಸಲ್ಲುತ್ತದೆ. ಮುಂದಿನ ವಾರದೊಳಗೆ ನಿಮ್ಮ ಮನೆಯ ಒಂದು ದಿನದ ಒಗೆತಕ್ಕೆ ಎಷ್ಟು ಬಕೆಟ್ ನೀರು ಬೇಕಾಯಿತು, ಆ ನೀರು ಎಲ್ಲಿಂದ ಬಂತು, ಒಗೆದ ಮೇಲೆ ಎಲ್ಲಿಗೆ ಹೋಯಿತು, ಕೆಲಸ ಮಾಡಿದವರು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದು ತರಗತಿಯಲ್ಲಿ ಓದಿ, ಗೆಳೆಯರ ಉತ್ತರಗಳೊಂದಿಗೆ ಹೋಲಿಸಿ.