ಅರ್ಬುದರೋಗವೂ ಆರೋಗ್ಯಬೋಧೆಯೂ



ದೇಹದೊಳಗಿನ ಜೀವಕಣಗಳು ಮಿತಿಯನ್ನು ಮೀರಿ ಬೆಳೆದು ನೆರೆಯ ಅಂಗಗಳನ್ನು ಆಕ್ರಮಿಸುವ ವ್ಯಾಧಿಗೆ ವೈದ್ಯರು ಅರ್ಬುದವೆಂದೂ ಜನರು ಕ್ಯಾನ್ಸರೆಂದೂ ಹೆಸರಿಟ್ಟಿರುವರು. ಇದರ ಕಾರಣಗಳೆಲ್ಲವೂ ಮನುಷ್ಯನ ಕೈಯೊಳಗಿಲ್ಲ. ಆದರೆ ಬಾಯಿ, ಗಂಟಲು, ಶ್ವಾಸಕೋಶಗಳಲ್ಲಿ ಹುಟ್ಟುವ ಅರ್ಬುದಕ್ಕೆ ತಂಬಾಕು ಮುಖ್ಯ ಕಾರಣವೆಂಬುದು ನಿರ್ವಿವಾದವಾದ ಸಂಗತಿ. ಬೇಗನೆ ಕಂಡುಹಿಡಿದರೆ ಇದರ ಹಲವು ಬಗೆಗಳು ಗುಣವಾಗುವುವೆಂಬುದೂ ಅಷ್ಟೇ ನಿಶ್ಚಿತ. ಆದುದರಿಂದ ಈ ರೋಗದಲ್ಲಿ ಶಸ್ತ್ರ, ಔಷಧ, ಕಿರಣಗಳೆಂಬ ಮೂರು ಚಿಕಿತ್ಸೆಗಳಿಗೂ ಮೊದಲೇ ಬರಬೇಕಾದ ಸಾಧನವೊಂದುಂಟು. ಅದು ತಕ್ಕ ಕಾಲದಲ್ಲಿ ತಿಳಿಯುವ ಭಾಷೆಯಲ್ಲಿ ಮನೆಗೆ ತಲುಪಿದ ಮಾತು.

ಮಾತಿನಿಂದ ರೋಗವು ನಿಲ್ಲುವುದೇ ಎಂದು ಸಂಶಯಪಡುವವರಿಗೆ ಭಾರತದಲ್ಲಿಯೇ ನಡೆದ ಒಂದು ಪರೀಕ್ಷೆಯು ಉತ್ತರವನ್ನು ಕೊಡುವುದು. ಕೇರಳದ ಎರ್ನಾಕುಲಂ, ಗುಜರಾತದ ಭಾವನಗರ, ಆಂಧ್ರದ ಶ್ರೀಕಾಕುಳಂ ಜಿಲ್ಲೆಗಳ ಹಳ್ಳಿಗಳಲ್ಲಿ ತಂಬಾಕನ್ನು ಬಳಸುವ ಸುಮಾರು 36,000 ಜನರನ್ನು ಆರಿಸಿಕೊಂಡು, ಅವರ ಬಾಯಿಯನ್ನು ಪರೀಕ್ಷಿಸಿ, ಚಟವನ್ನು ಬಿಡುವಂತೆ ಒಬ್ಬೊಬ್ಬರಿಗೂ ಎದುರಿಗೇ ಕುಳಿತು ಹೇಳಲಾಯಿತು. ಶ್ರೀಕಾಕುಳಂ ಸೀಮೆಯಲ್ಲಿ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಚುಟ್ಟವನ್ನು ಸೇದುವ ಹೆಂಗಸರು ಬಹು ಮಂದಿ ಇದ್ದರು. ಈ ಪ್ರಯತ್ನದ ಫಲವು 1986ರಲ್ಲಿ ಬ್ರಿಟನ್ನಿನ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಚಟವು ಹಟಮಾರಿಯಾದುದರಿಂದ ಹೆಚ್ಚಿನವರು ಅದನ್ನು ಬಿಡಲಿಲ್ಲವೆಂಬುದು ನಿಜ. ಆದರೂ ಬೋಧೆಯನ್ನು ಪಡೆಯದವರೊಡನೆ ಹೋಲಿಸಿದಾಗ, ಪಡೆದವರಲ್ಲಿ ಬಿಟ್ಟವರ ಸಂಖ್ಯೆಯು ಹೆಚ್ಚಾಗಿತ್ತು. ಅರ್ಬುದಕ್ಕೆ ಮುನ್ಸೂಚನೆಯಾದ ಬಿಳಿಯ ಮಚ್ಚೆಗಳು ಬಾಯಲ್ಲಿ ಹೊಸದಾಗಿ ಹುಟ್ಟುವುದೂ ಕಡಮೆಯಾಯಿತು. ಗುಳಿಗೆಯಿಲ್ಲದೆ, ಕತ್ತಿಯಿಲ್ಲದೆ, ಬರಿಯ ನುಡಿಯಿಂದ ಇಷ್ಟು ಸಾಧ್ಯವಾಯಿತು.

ಓದುಬರಹವಿಲ್ಲದವರಿಗೆ ಚಿತ್ರವೇ ಮಾತು. ಭಾರತ ಸರಕಾರವು 2003ರಲ್ಲಿ ತಂಬಾಕಿನ ನಿಯಂತ್ರಣಕ್ಕಾಗಿ ಕಾನೂನನ್ನು ಮಾಡಿತು. 2009ನೆಯ ಮೇ 31ರಿಂದ ತಂಬಾಕಿನ ಕಟ್ಟುಗಳ ಮೇಲೆ ಎಚ್ಚರಿಕೆಯ ಚಿತ್ರಗಳು ಬಂದವು. 2016ರಲ್ಲಿ ಆ ಎಚ್ಚರಿಕೆಯು ಕಟ್ಟಿನ ಮುಖದ ನೂರಕ್ಕೆ 85 ಪಾಲನ್ನು ಆವರಿಸತಕ್ಕದ್ದೆಂದಾಯಿತು. ದೇಶದಲ್ಲಿ ತಂಬಾಕನ್ನು ಬಳಸುವ ವಯಸ್ಕರು 2009–10ರ ಗಣನೆಯಲ್ಲಿ ನೂರಕ್ಕೆ 34.6 ಇದ್ದವರು 2016–17ರಲ್ಲಿ 28.6ಕ್ಕೆ ಇಳಿದರು. ಈ ಇಳಿತವೆಲ್ಲವೂ ಚಿತ್ರದಿಂದಲೇ ಆಯಿತೆನ್ನಲಾಗದು; ಸುಂಕ, ನಿಷೇಧ, ಶಾಲೆಯ ಪಾಠ ಮುಂತಾದುವೂ ಜೊತೆಗಿದ್ದವು. ಆದರೆ ಚಿತ್ರವನ್ನು ನೋಡಿ ಬಿಡಬೇಕೆಂದು ಯೋಚಿಸಿದವರು ಸಿಗರೇಟು ಸೇದುವವರಲ್ಲಿ ನೂರಕ್ಕೆ ಸುಮಾರು 62, ಬೀಡಿ ಸೇದುವವರಲ್ಲಿ ಸುಮಾರು 54, ಅಗಿಯುವವರೇ ಮೊದಲಾದವರಲ್ಲಿ ಸುಮಾರು 46 ಎಂದು ಅದೇ ಗಣನೆಯಲ್ಲಿ ಕಂಡುಬಂದಿತು. ಈ ಅಂತರವು ವಿಚಾರಾರ್ಹವಾದುದು. ಬಿಡಿಯಾಗಿ ಕೊಂಡ ಬೀಡಿಯ ಮೇಲೂ, ಎಲೆಯಂಗಡಿಯಲ್ಲಿ ಚೀಟಿಗೆ ಕಟ್ಟಿಕೊಟ್ಟ ಹೊಗೆಸೊಪ್ಪಿನ ಮೇಲೂ ಚಿತ್ರವಿರುವುದಿಲ್ಲ. ಹೊಲಗೆಲಸದವನಿಗೂ ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಮೆಲ್ಲುವ ಮುದುಕಿಗೂ ಎಚ್ಚರಿಕೆಯು ಕಟ್ಟಿನ ಮೂಲಕ ಬಾರದು. ನೆರೆಯವರ ಬಾಯಿಂದಲೇ ಬರಬೇಕು.

ಇಲ್ಲಿ ಒಂದು ಅಪಾಯವನ್ನು ಹೇಳದೆ ಬಿಡಬಾರದು. ಭಯವನ್ನು ಮಾತ್ರ ಹುಟ್ಟಿಸುವ ಮಾತು ರೋಗಿಯನ್ನು ವೈದ್ಯನ ಬಳಿಗೆ ಕಳುಹಿಸುವುದಿಲ್ಲ, ಮೂಲೆಗೆ ತಳ್ಳುವುದು. ಮೊಲೆಯಲ್ಲಿ ನೋವಿಲ್ಲದ ಗಂಟೊಂದು ಕಾಣಿಸಿಕೊಂಡರೆ ತಾಯಿಯು ನಾಚಿಕೆಯಿಂದ ಮುಚ್ಚಿಡುವಳು. ಮಗಳ ಮದುವೆಯಾಗಲಿ, ಸುಗ್ಗಿಯು ಮುಗಿಯಲಿ ಎಂದು ತಿಂಗಳುಗಳನ್ನು ಕಳೆಯುವಳು. ಇದು ಅಂಟುವ ರೋಗವೆಂದು ಆಕೆಯ ತಟ್ಟೆಲೋಟಗಳನ್ನು ಬೇರೆಯಿಡುವವರುಂಟು, ಪೂರ್ವಜನ್ಮದ ಪಾಪವೆನ್ನುವವರುಂಟು, ಪರೀಕ್ಷೆಗೆಂದು ಮಾಂಸದ ಚೂರನ್ನು ತೆಗೆದರೆ ರೋಗವು ಮೈಯೆಲ್ಲ ಹರಡುವುದೆಂದು ಹೆದರಿಸುವವರೂ ಉಂಟು. ಈ ಮೂರೂ ಸುಳ್ಳು. ಅರ್ಬುದವು ಒಡನಾಟದಿಂದಾಗಲಿ, ಒಟ್ಟಿಗೆ ಉಣ್ಣುವುದರಿಂದಾಗಲಿ ಅಂಟದು. ಮಾಂಸದ ಚೂರಿನ ಪರೀಕ್ಷೆಯಿಲ್ಲದೆ ತಕ್ಕ ಚಿಕಿತ್ಸೆಯು ಗೊತ್ತಾಗದು. ಸುಳ್ಳುಮಾತಿನಿಂದ ಕಳೆದುಹೋದ ಆರು ತಿಂಗಳನ್ನು ಯಾವ ದೊಡ್ಡ ಆಸ್ಪತ್ರೆಯೂ ಹಿಂದಕ್ಕೆ ತಂದುಕೊಡಲಾರದು.

ಒಳ್ಳೆಯ ಮಾತನ್ನು ದೊಡ್ಡ ವಿದ್ವಾಂಸರೇ ಆಡಬೇಕೆಂಬ ನಿಯಮವಿಲ್ಲ. ಮುಂಬಯಿಯ ಕೊಳೆಗೇರಿಗಳಲ್ಲಿ 1998ರಲ್ಲಿ ಪ್ರಾರಂಭವಾದ ಕಾರ್ಯವೊಂದರಲ್ಲಿ ಹತ್ತನೆಯ ತರಗತಿಯವರೆಗೆ ಓದಿದ ಹೆಂಗಸರಿಗೆ ಕೆಲವು ವಾರಗಳ ಶಿಕ್ಷಣವನ್ನು ಕೊಟ್ಟು, ಅವರಿಂದಲೇ ಗರ್ಭಕಂಠದ ಪರೀಕ್ಷೆಯನ್ನು ಮಾಡಿಸಲಾಯಿತು. ಉಪಕರಣವೆಂದರೆ ವಿನೆಗರಿನಂತಹ ಹುಳಿದ್ರಾವಣವೂ ಕಣ್ಣೂ ಮಾತ್ರ. ಅವರು ಮನೆಮನೆಗೆ ಹೋಗಿ ತಿಳಿಯಹೇಳಿ ಕರೆತಂದರು. ಒಂದೂವರೆ ಲಕ್ಷ ಸ್ತ್ರೀಯರನ್ನೊಳಗೊಂಡ ಈ ಅಧ್ಯಯನದಲ್ಲಿ, ಪರೀಕ್ಷೆಯು ನಡೆದ ಕೇರಿಗಳಲ್ಲಿ ಗರ್ಭಕಂಠದ ಅರ್ಬುದದಿಂದಾಗುವ ಮರಣವು ನೂರಕ್ಕೆ 31ರಷ್ಟು ಕಡಮೆಯಾಯಿತೆಂದು 2014ರಲ್ಲಿ ಪ್ರಕಟವಾಯಿತು. ತನ್ನ ಕೇರಿಯವಳೇ, ತನ್ನ ಮಾತನ್ನೇ ಆಡುವವಳು, ಬಾಗಿಲಿಗೆ ಬಂದು ಕರೆದಾಗ ನಾಚಿಕೆಯ ಕಟ್ಟು ಸಡಿಲವಾಗುವುದು.

ಹೇಳತಕ್ಕದ್ದು ಸ್ಪಷ್ಟವಾಗಿರಬೇಕು. ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಬಾಯೊಳಗಿನ ಬಿಳಿಯ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟ, ಮೊಲೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಕಾರಣವಿಲ್ಲದೆ ಮುಂದುವರಿಯುವ ಕೆಮ್ಮು, ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. ಇವೆಲ್ಲವೂ ಅರ್ಬುದವೇ ಎಂದಲ್ಲ. ಅಲ್ಲವೆಂದು ತಿಳಿಯುವುದಕ್ಕೂ ತೋರಿಸಲೇಬೇಕು. ಮೊದಲು ನೋವಿಲ್ಲದಿರುವುದೇ ಈ ರೋಗದ ವಂಚನೆಯಾಗಿದೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸ್ಮಾರಕ ಸಂಸ್ಥೆಯು ಇದಕ್ಕಾಗಿಯೇ ಇರುವುದು. ತಂಬಾಕನ್ನು ಬಿಡಲಿಚ್ಛಿಸುವವರಿಗೆ 1800-112-356 ಎಂಬ ಸರಕಾರದ ದೂರವಾಣಿಯಲ್ಲಿ ಹಣವಿಲ್ಲದೆ ಸಲಹೆಯು ದೊರೆಯುವುದು.

ಚಿಕಿತ್ಸೆಯು ಆರಂಭವಾದ ಮೇಲೂ ಮಾತಿನ ಕೆಲಸವು ಮುಗಿಯದು. ಕಿರಣಚಿಕಿತ್ಸೆಯು ಎಷ್ಟು ದಿನ ನಡೆಯುವುದು, ಕೂದಲು ಉದುರಿದರೆ ಮತ್ತೆ ಬೆಳೆಯುವುದೋ ಇಲ್ಲವೋ ಎಂಬುದನ್ನು ಯಾರೂ ತಿಳಿಸದಿದ್ದರೆ ರೋಗಿಯು ನಡುವೆಯೇ ಊರಿಗೆ ಹಿಂದಿರುಗುವನು. ಗುಣವಾಗದ ಸ್ಥಿತಿಯಲ್ಲಿಯೂ ನೋವನ್ನು ಶಮನಗೊಳಿಸುವ ಉಪಾಯಗಳುಂಟೆಂದು ಮನೆಯವರು ತಿಳಿದಿರಬೇಕು.

ಜಾತ್ರೆಗೆ ಸಾವಿರಾರು ಜನರು ಕೂಡುವರು. ಪಂಕ್ತಿಯಲ್ಲಿ ಒಟ್ಟಿಗೆ ಕುಳಿತು ಪ್ರಸಾದವನ್ನು ಸ್ವೀಕರಿಸುವರು. ಆ ಪಂಕ್ತಿಯಲ್ಲಿ ಅರ್ಬುದದಿಂದ ಬಳಲಿದವರಿಗೂ ಸ್ಥಾನವಿರಲಿ. ಊಟದ ತರುವಾಯ ಹಂಚುವ ತಾಂಬೂಲದಲ್ಲಿ ಹೊಗೆಸೊಪ್ಪು ಇಲ್ಲದಿರಲಿ. ಅಡಿಕೆಯೂ ಬಾಯಿಯ ಅರ್ಬುದಕ್ಕೆ ಕಾರಣವೆಂದು ಸಿದ್ಧವಾಗಿರುವುದರಿಂದ ಅದನ್ನೂ ಬಿಡುವುದು ಲೇಸು. ಇಲ್ಲಿಂದ ಮನೆಗೆ ಹಿಂದಿರುಗುವ ಪ್ರತಿಯೊಬ್ಬರೂ ತಮ್ಮ ಕೇರಿಯಲ್ಲಿ ಹುಣ್ಣನ್ನೋ ಗಂಟನ್ನೋ ಮುಚ್ಚಿಟ್ಟುಕೊಂಡಿರುವ ಒಬ್ಬರಿಗೆ ಒಂದು ಒಳ್ಳೆಯ ಮಾತನ್ನು ಹೇಳಿ, ಅವರ ಜೊತೆಯಲ್ಲಿ ಆಸ್ಪತ್ರೆಯ ಬಾಗಿಲಿನವರೆಗೆ ನಡೆದರೆ ನುಡಿಯು ನಡೆಯೊಡನೆ ಕೂಡಿದಂತಾಗುವುದು.