ಎಳೆಯ ದ್ರಾಕ್ಷಿ ಬಳ್ಳಿ: ಚೌಕಟ್ಟು ಮೊದಲು, ಗೊಂಚಲು ನಂತರ

(ದೇವದುರ್ಗ, ಮಾನ್ವಿ ತಾಲ್ಲೂಕುಗಳ ರೈತರಿಗೆ ರಾಯಚೂರಿನಲ್ಲಿ ನೀಡಿದ ಭಾಷಣ)



ಬೆಳಿಗ್ಗೆಯಿಂದ ನಿಮ್ಮಲ್ಲಿ ಹಲವರು ಒಂದೇ ಪ್ರಶ್ನೆ ಕೇಳಿದ್ದೀರಿ: "ನೆಟ್ಟ 2ನೇ ವರ್ಷಕ್ಕೆ ಹಣ್ಣು ಬರುತ್ತದೆಯೇ?" ಬರುತ್ತದೆ. ಆದರೆ ಬಳ್ಳಿಯ ಚೌಕಟ್ಟು ಸಿದ್ಧವಾಗುವ ಮೊದಲೇ ಗೊಂಚಲು ಬಿಟ್ಟುಕೊಂಡರೆ, ಮುಂದೆ ತೋಟ ಇರುವಷ್ಟು ಕಾಲ ಅದರ ದಂಡ ತೆರಬೇಕಾಗುತ್ತದೆ. ಹಂದರದ ಕಂಬ, ತಂತಿಗೆ ಸಾಲ ಮಾಡಿದವರ ಅವಸರ ನನಗೆ ತಿಳಿಯದ್ದಲ್ಲ.

ಡಾಗ್‌ರಿಡ್ಜ್ ಬೇರುಸಸಿಯ ಮೇಲೆ ಥಾಮ್ಸನ್ ಸೀಡ್‌ಲೆಸ್ ಕಸಿ ಕಟ್ಟಿದ್ದೀರಿ ಎನ್ನೋಣ. ಕಸಿ ಚಿಗುರಿದ ಮೇಲೆ ಗಟ್ಟಿಯಾದ ಒಂದೇ ಚಿಗುರನ್ನು ಇರಿಸಿ, ಬಿದಿರು ಕೋಲಿಗೆ ಸಡಿಲವಾಗಿ ಕಟ್ಟಿ ನೇರವಾಗಿ ಏರಿಸಿರಿ. ಕಸಿಯ ಕೆಳಗೆ ಬರುವ ಚಿಗುರುಗಳು ಡಾಗ್‌ರಿಡ್ಜ್‌ನವು. ಅವನ್ನು ಕಂಡಾಗಲೆಲ್ಲ ಕಿತ್ತುಹಾಕಬೇಕು. ಬಿಟ್ಟರೆ ಕಸಿಯನ್ನೇ ನುಂಗುತ್ತವೆ. ಚಿಗುರು ಹಂದರದ ತಂತಿ ದಾಟಿದಾಗ ತಂತಿಯಿಂದ ಸುಮಾರು ಅರ್ಧ ಅಡಿ ಕೆಳಗೆ ಚಿವುಟಿರಿ. ಅಲ್ಲಿ ಹೊರಡುವ 2 ಪಕ್ಕಚಿಗುರುಗಳನ್ನು ಎದುರುಬದುರಾಗಿ ತಂತಿಯ ಮೇಲೆ ಹಬ್ಬಿಸಿದರೆ ಅವೇ ತೋಳುಗಳು. ವಿಜಯಪುರದ ಕಡೆ ಇವಕ್ಕೆ ಓಲಾಂಡಾ ಎನ್ನುತ್ತಾರೆ.

ತಪ್ಪಾಗುವುದು ಇಲ್ಲಿಯೇ. ನೀರು, ಯೂರಿಯಾ ಧಾರಾಳವಾಗಿ ಕೊಟ್ಟರೆ ತೋಳು ಬೇಗನೆ ಪಕ್ಕದ ಬಳ್ಳಿಯನ್ನು ಮುಟ್ಟುತ್ತದೆ; ನೋಡಲು ಚೆಂದ. ಆದರೆ ಬಲವೆಲ್ಲ ತುದಿಗೆ ಓಡುವುದರಿಂದ ಹಿಂದಿನ ಕಣ್ಣುಗಳು ಒಡೆಯದೆ ಕುರುಡಾಗಿ ಉಳಿಯುತ್ತವೆ. ಅಂಥ ಬೋಳು ಜಾಗದಲ್ಲಿ ಮುಂದೆ ಕಡ್ಡಿ ತರಿಸುವುದು ಬಹಳ ಕಷ್ಟ. ಮೇಲಾಗಿ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ಎಲೆಯ ನೆರಳಿಲ್ಲದ ತೋಳಿನ ತೊಗಟೆ ಸುಟ್ಟು ಸೀಳುತ್ತದೆ. ಆದಕಾರಣ ತೋಳನ್ನು ನಿಲ್ಲಿಸಿ ನಿಲ್ಲಿಸಿ ಬೆಳೆಸಬೇಕು. 9-10 ಎಲೆ ಬಂದಾಗ 7 ಎಲೆ ಉಳಿಸಿ ಚಿವುಟಿರಿ. ಪಕ್ಕಚಿಗುರುಗಳು ಹೊರಟ ಮೇಲೆ ತುದಿಯ ಒಂದನ್ನು ಮಾತ್ರ ತಂತಿಯ ಗುಂಟ ಮುಂದಕ್ಕೆ ಬಿಟ್ಟು, ಅದನ್ನೂ ಹಾಗೆಯೇ ಚಿವುಟಿರಿ. ಹಿಂದಿನವು ಕಡ್ಡಿಗಳಾಗಿ ಮಾಗುತ್ತವೆ. ತೋಳು ತುಂಬಲು ಒಂದೆರಡು ತಿಂಗಳು ಹೆಚ್ಚು ಹಿಡಿದೀತು, ಹಿಡಿಯಲಿ.

ಏಪ್ರಿಲ್ ಚಾಟ್ನಿ ಕಡ್ಡಿಗಾಗಿ, ಅಕ್ಟೋಬರ್ ಚಾಟ್ನಿ ಹಣ್ಣಿಗಾಗಿ. ಏಪ್ರಿಲ್‌ನಲ್ಲಿ ಪ್ರತಿ ಕಡ್ಡಿಗೆ 1-2 ಕಣ್ಣು ಉಳಿಸಿದರೆ ಸಾಕು. ಬರುವ ಅಕ್ಟೋಬರ್‌ನ ಗೊಂಚಲು ಆ ಚಾಟ್ನಿಯ ನಂತರ ಸುಮಾರು 40ರಿಂದ 60 ದಿನಗಳೊಳಗೆ ಹೊಸ ಕಡ್ಡಿಯ ಕಣ್ಣಿನಲ್ಲೇ ರೂಪುಗೊಳ್ಳುತ್ತದೆ. ಆಗ ಚಿಗುರು ದಟ್ಟವಾಗಿದ್ದು ಬಿಸಿಲು ತಾಗದಿದ್ದರೆ ಕಣ್ಣು ಬರಡಾಗುತ್ತದೆ. ಎಳೆಯ ಬಳ್ಳಿಯಲ್ಲಿ ಪೆನ್ಸಿಲ್ ದಪ್ಪಕ್ಕೆ ಬಂದು ಕಂದಾಗಿ ಮಾಗಿದ ಕಡ್ಡಿಗೆ ಮಾತ್ರ ಗೊಂಚಲು ಬಿಡಿರಿ. ತೆಳ್ಳಗಿನದರಲ್ಲಿ ಬಂದರೆ ಮನಸ್ಸು ಗಟ್ಟಿಮಾಡಿ ತೆಗೆದುಬಿಡಿ.

ಮಾನ್ವಿಯವರಿಗೆ ಇನ್ನೊಂದು ಮಾತು. ಕಾಲುವೆ ಕೆಳಗಿನ ಭತ್ತದ ಗದ್ದೆಯ ಬಸಿನೀರು ನಿಲ್ಲುವ ಎರೆಭೂಮಿಯಲ್ಲಿ ಯಾವ ಚಾಟ್ನಿಯೂ ಬಳ್ಳಿಯನ್ನು ಉಳಿಸಲಾರದು. ಅಂಥ ಹೊಲ ಭತ್ತಕ್ಕೇ ಇರಲಿ.

ಈಗ ಎಲ್ಲರೂ ತೋಟಕ್ಕೆ ಬನ್ನಿರಿ. ತೋಳು ಚಿವುಟುವುದನ್ನು ಬಳ್ಳಿಯ ಮುಂದೆಯೇ ನಿಂತು ನೋಡೋಣ.